ಅಲಾರಂ ಎಷ್ಟಕ್ಕೆ ಹೊಡೀಬೇಕು?

ಸೆನ್ಸರ್ ಅಂದ್ರೆ ಸುಳ್ಳು ಹೇಳದ ಸಾಕ್ಷಿ ಅಂತ ನಾವು ಸಾಫ್ಟ್‌ವೇರ್ ಜನ ನಂಬಿಬಿಟ್ಟಿದ್ದೇವೆ. ಅದು ಅರ್ಧ ನಿಜ. ಸೆನ್ಸರ್ ಕೊಡೋದು ಒಂದು ಸಂಖ್ಯೆ ಮಾತ್ರ. ಅದು ಎಷ್ಟಾದರೆ ಅಪಾಯ ಅನ್ನುವುದನ್ನು ಯಾರೋ ಒಬ್ಬರು ಎಸಿ ರೂಮಿನಲ್ಲಿ ಕೂತು ಕಾನ್ಫಿಗ್ ಫೈಲಿನಲ್ಲಿ ಬರೆದಿರುತ್ತಾರೆ.

ಗಣಿಗಳನ್ನೇ ನೋಡಿ. ಕೆಜಿಎಫ್‌ನಲ್ಲಿ 3 ಕಿಲೋಮೀಟರಿಗೂ ಹೆಚ್ಚಿನ ಆಳದ ಗಣಿಗಳಿದ್ದವು. ಅಲ್ಲಿ ಬಂಡೆ ಸಿಡಿಯುವ ಸದ್ದನ್ನು ಜಿಯೋಫೋನ್‌ಗಳಿಂದ ಆಲಿಸುತ್ತಿದ್ದರು. ಈಗ ದೊಡ್ಡ ತೆರೆದ ಗಣಿಗಳಲ್ಲಿ ಕಡಿದ ಗೋಡೆಯ ಎದುರು ರೇಡಾರ್ ನಿಲ್ಲಿಸುತ್ತಾರೆ. ಗೋಡೆ ಒಂದು ಮಿಲಿಮೀಟರ್ ಸರಿದರೂ ಅದಕ್ಕೆ ಗೊತ್ತಾಗುತ್ತದೆ. ಕುಸಿಯುವ ಮುಂಚೆ ಸಾಮಾನ್ಯವಾಗಿ ಸರಿಯುವ ವೇಗ ಏರುತ್ತಾ ಹೋಗುತ್ತದೆ. ಮಿತಿ ದಾಟಿದರೆ ಸೈರನ್, ಕೆಳಗಿರುವವರು ಓಡಬೇಕು. ಆ ಮಿತಿಯನ್ನು ತೀರಾ ಕಡಿಮೆ ಇಟ್ಟರೆ ಮಳೆಗಾಲದಲ್ಲಿ ಪದೇ ಪದೇ ಕೆಲಸ ನಿಲ್ಲುತ್ತದೆ, ಟನ್ ಲೆಕ್ಕ ಕೆಡುತ್ತದೆ, ಕೊನೆಗೆ ಸೈರನ್ ಕೇಳಿದರೂ ಯಾರೂ ತಲೆ ಎತ್ತುವುದಿಲ್ಲ. ಹೆಚ್ಚು ಇಟ್ಟರೆ ಓಡಲು ಸಮಯ ಸಿಗುವುದಿಲ್ಲ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಎಂಜಿನಿಯರಿಂಗ್ ಪ್ರಶ್ನೆಯ ವೇಷದಲ್ಲಿ ಬರುತ್ತದೆ. ಒಳಗಿರುವುದು ಮಾತ್ರ ಧರ್ಮದ ಪ್ರಶ್ನೆಯೇ: ಯಾರ ನಷ್ಟ, ಯಾರ ಜೀವ?

ಈ ಪ್ರಶ್ನೆ ನಿಚ್ಚಳವಾಗಿ ಕಾಣಬೇಕಾದರೆ ಗಣಿಯಿಂದ ಸ್ವಲ್ಪ ಆಚೆ, ಕೈಗಾದ ಅಣುಸ್ಥಾವರಕ್ಕೆ ಹೋಗಬೇಕು. ಅಲ್ಲಿ ಮಿತಿಗಳು ಗುಟ್ಟಲ್ಲ. ಗೇಟಿನ ಒಳಗೆ ವಿಕಿರಣದ ಕೆಲಸ ಮಾಡುವವರಿಗೆ ವರ್ಷಕ್ಕೆ ಗರಿಷ್ಠ 30 ಮಿಲಿಸೀವರ್ಟ್, ಐದು ವರ್ಷಕ್ಕೆ ಒಟ್ಟು 100. ಗೇಟಿನ ಹೊರಗಿನ ಸಾರ್ವಜನಿಕರಿಗೆ ವರ್ಷಕ್ಕೆ 1. ದೇಹ ಅದೇ, ರಕ್ತ ಮಾಂಸ ಅದೇ. ಹಾಗಾದರೆ ಈ ತಾರತಮ್ಯ ಸರಿಯಾ? ಸರಿ ಅನ್ನೋದಕ್ಕೆ ಒಂದು ವಾದ ಇದೆ: ಒಳಗಿನವನಿಗೆ ಅಪಾಯ ಗೊತ್ತಿದೆ, ಒಪ್ಪಿ ಬಂದಿದ್ದಾನೆ, ಸಂಬಳ ಇದೆ, ಎದೆಯ ಮೇಲೆ ಅಳೆಯುವ ಬ್ಯಾಡ್ಜ್ ಇದೆ.

2009ರ ನವೆಂಬರ್‌ನಲ್ಲಿ ಆ ವಾದವೇ ಅಲ್ಲಾಡಿತು. ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇರುವ ಭಾರಜಲ ಬೆರೆಸಿದ್ದರು. 50ಕ್ಕೂ ಹೆಚ್ಚು ನೌಕರರ ದೇಹ ಸೇರಿತು. ಟ್ರಿಟಿಯಂನ ವಿಕಿರಣ ಎಷ್ಟು ದುರ್ಬಲ ಅಂದ್ರೆ ಎದೆಯ ಬ್ಯಾಡ್ಜಿಗೆ ಅದು ಕಾಣುವುದೇ ಇಲ್ಲ. ಹಿಡಿದು ಕೊಟ್ಟಿದ್ದು ಮಾಮೂಲಿ ಮೂತ್ರ ಪರೀಕ್ಷೆ. ಕೆಲಸದ ಅಪಾಯಕ್ಕೆ ಒಪ್ಪಿ ಬಂದವರು ಕುಡಿಯುವ ನೀರಿನ ಅಪಾಯಕ್ಕೆ ಒಪ್ಪಿರಲಿಲ್ಲ, ನಿಜ. ಆದರೂ ಪ್ರತಿಯೊಬ್ಬರ ದೇಹವನ್ನು ಕಾಲಕಾಲಕ್ಕೆ ಪರೀಕ್ಷಿಸಲೇಬೇಕು ಅನ್ನುವ ಕಟ್ಟಳೆ ಇದ್ದುದರಿಂದ ವಿಷಯ ಹೊರಬಿತ್ತು. ಅಳತೆ ಅಂದ್ರೆ ಇದು. ಯಾರನ್ನು ಅಪಾಯದಲ್ಲಿ ನಿಲ್ಲಿಸಿದ್ದೇವೋ ಅವರಿಗೆ ನಾವು ತೀರಿಸಬೇಕಾದ ಸಾಲ.

ಈಗ ಅದೇ ಜಿಲ್ಲೆಯ ಅಂಕೋಲಾ ತಾಲೂಕಿಗೆ ಬನ್ನಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ 66ರ ಮೇಲೆ ಕುಸಿಯಿತು. ಚಹಾ ಅಂಗಡಿಯವರು, ಚಹಾಕ್ಕೆ ನಿಂತ ಚಾಲಕರು ಸೇರಿ 11 ಜನ ಸತ್ತರು ಇಲ್ಲವೇ ನಾಪತ್ತೆಯಾದರು. ಆಮೇಲೆ ಬಂದವು ಸೆನ್ಸರ್‌ಗಳು: ನೆಲದಾಳ ನೋಡುವ ರೇಡಾರ್, ಡ್ರೋನ್, ಸೋನಾರ್. ಗಂಗಾವಳಿಯ ತಳದಿಂದ ಲಾರಿಯೊಂದನ್ನು ಎತ್ತಿದ್ದು ಸೆಪ್ಟೆಂಬರ್ 25ಕ್ಕೆ. ಹೆಣ ಹುಡುಕಲು ಇಷ್ಟು ಯಂತ್ರ ತಂದೆವು. ಗುಡ್ಡ ಸರಿಯುತ್ತಿದೆಯಾ ಅಂತ ನೋಡಲು?

ಉತ್ತರ ಕನ್ನಡದ ಪ್ರತಿ ಗುಡ್ಡಕ್ಕೂ ರೇಡಾರ್ ಇಡೋಕಾಗತ್ತಾ ಅಂತ ಕೇಳಬಹುದು. ಆಗಲ್ಲ, ಒಪ್ಪಿದೆ. ಆದರೆ ನಾವೇ ಬುಡ ಕಡಿದ ಗುಡ್ಡದ ಮಾತು ಬೇರೆ. ಅದಿರಿಗೆ ಕಡಿದರೆ ಅದನ್ನು ಗಣಿ ಅಂತೀವಿ, ಕೆಳಗಿನವರ ಸುರಕ್ಷತೆಗೆ ಪ್ರತ್ಯೇಕ ಕಾನೂನು ಬರುತ್ತದೆ. ರಸ್ತೆಗೆ ಕಡಿದರೆ ಅಭಿವೃದ್ಧಿ ಅಂತೀವಿ. ಗುಡ್ಡಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ.

ಡ್ಯಾಶ್‌ಬೋರ್ಡ್ ಕಟ್ಟುವ ನಾವು ಎರಡು ಪ್ರಶ್ನೆಗಳನ್ನಾದರೂ ಮೀಟಿಂಗಿನಲ್ಲಿ ಕೇಳಬಹುದು. ಈ ಸಂಖ್ಯೆ ಬರೆಯುವಾಗ ಗೋಡೆಯ ಕೆಳಗೆ ನಿಲ್ಲುವವನನ್ನು ಕೇಳಿದ್ದೀರಾ? ಅಳೆಯುವುದೇ ಬೇಡ ಅಂತ ಬಿಟ್ಟ ಜಾಗ ಯಾವುದು? ಸೆನ್ಸರ್ ಇಡದ ಕಡೆಯೂ ನಾವೊಂದು ಮಿತಿ ನಿಗದಿ ಮಾಡಿರುತ್ತೇವೆ. ಅಲ್ಲಿ ಅದರ ಬೆಲೆ ಅನಂತ. ಎಷ್ಟು ಸರಿದರೂ ಅಲಾರಂ ಹೊಡೆಯುವುದಿಲ್ಲ.