ಕಲ್ಲು ಕಾಣದ ಹಕ್ಕಿಗಳು

ಬ್ರಿಸ್ಬೇನ್ ಸುತ್ತಮುತ್ತ ಇರುವ ನಮ್ಮ ಮನೆಗಳಿಗೆ ಊರಿನಿಂದ ಯಾರೇ ಬರಲಿ, ಕಡಲತೀರ ತೋರಿಸಿ ಮುಗಿದ ಮೇಲೆ ಲ್ಯಾಮಿಂಗ್ಟನ್ ಬೆಟ್ಟಕ್ಕೆ ಕರೆದುಕೊಂಡು ಹೋಗುವುದು ವಾಡಿಕೆ. ಕನಂಗ್ರಾ ದಾಟಿದ ಮೇಲೆ ರಸ್ತೆ ಕಿರಿದಾಗುತ್ತದೆ, ತಿರುವುಗಳು ಶುರುವಾಗುತ್ತವೆ, ಮಳೆಕಾಡಿನ ತಂಪು ಕಾರಿನೊಳಗೆ ಬರುತ್ತದೆ. ಮೇಲೆ ಓರೈಲೀಸ್ ಅತಿಥಿಗೃಹದ ಹತ್ತಿರ ಇಳಿದರೆ ಕಿಂಗ್ ಪ್ಯಾರಟ್ ಗಿಳಿಗಳು ಕೈಗೆಟುಕುವಷ್ಟು ಸಮೀಪದಲ್ಲಿ ಕೂತಿರುತ್ತವೆ. ಗಂಡಿನ ತಲೆ, ಎದೆ, ಹೊಟ್ಟೆ ಎಲ್ಲಾ ಕಡುಗೆಂಪು, ರೆಕ್ಕೆ ದಟ್ಟ ಹಸಿರು, ಅದರ ಮೇಲೊಂದು ತಿಳಿಹಸಿರು ಪಟ್ಟೆ. ಹೆಣ್ಣಿಗೆ ತಲೆಯೂ ಎದೆಯೂ ಹಸಿರು, ಹೊಟ್ಟೆ ಮಾತ್ರ ಕೆಂಪು. ಜೊತೆಯಲ್ಲಿ ಕ್ರಿಮ್ಸನ್ ರೊಸೆಲ್ಲಾಗಳು: ಕೆಂಪು ಮೈ, ನೀಲಿ ಕೆನ್ನೆ. ಎಲ್ಲವೂ ಕಾಡಿನ ಹಕ್ಕಿಗಳೇ. ಬೇಕೆಂದಾಗ ಬರುತ್ತವೆ, ಸಾಕೆನಿಸಿದಾಗ ಹಾರಿಹೋಗುತ್ತವೆ.

ಮದ್ದೂರು ಕಡೆಯ ನಮ್ಮ ದೊಡ್ಡಮ್ಮ ಇಲ್ಲಿಗೆ ಬಂದಾಗ, "ಇವೆಲ್ಲಾ ಸಾಕಿರವಾ?" ಎಂದು ಕೇಳಿದರು. "ಇಲ್ಲ ದೊಡ್ಡಮ್ಮ, ಕಾಡಿನವೇ" ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಹಂಗಾದ್ರೆ ಇವಕ್ಕೆ ಯಾರೂ ಕಲ್ಲು ಬೀಸಿಲ್ಲ ಕಣವ್ವ, ಅದ್ಕೇ ಹಿಂಗೆ ಕೂತವೆ" ಎಂದರು.

ಆ ಬೆಟ್ಟದ ಇತಿಹಾಸ ನೋಡಿದರೆ ಅವರ ಮಾತು ನಿಜ. ಓರೈಲಿ ಮನೆತನದವರು 1911ರಲ್ಲಿ ಅಲ್ಲಿಗೆ ಹೋದದ್ದು ಕಾಡು ಕಡಿದು ಹೈನುಗಾರಿಕೆ ಮಾಡಲೆಂದೇ. 1915ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ರೊಮಿಯೊ ಲಾಹಿ ಎಂಬುವವರು ಅದಕ್ಕಾಗಿ ಊರೂರು ಸುತ್ತಿ ಜನರನ್ನು ಒಪ್ಪಿಸಿದ್ದರು. ಅವರ ಕುಟುಂಬದ್ದು ಮರ ಕೊಯ್ಯುವ ಉದ್ಯಮ ಎಂಬುದು ನೆನಪಿಡಬೇಕಾದ ಸಂಗತಿ. ಕಾಡಿನ ನಡುವೆ ಉಳಿದುಕೊಂಡ ಓರೈಲಿಗಳು 1926ರಲ್ಲಿ ಅತಿಥಿಗೃಹ ತೆರೆದರು. ಅಂದರೆ ನಮ್ಮ ಕ್ಯಾಮೆರಾದ ಮುಂದೆ ಗಿಳಿ ಕದಲದೆ ಕೂರುವುದರ ಹಿಂದೆ ಸುಮಾರು ನೂರು ವರ್ಷಗಳ ನಡವಳಿಕೆ ಇದೆ. ಆ ನಂಬಿಕೆಯನ್ನು ಗಳಿಸಿಕೊಟ್ಟವರು ಬೇರೆಯವರು, ಅನುಭವಿಸುತ್ತಿರುವವರು ನಾವು. ಹಾಗಾಗಿ ಹೆದರದ ಹಕ್ಕಿಯ ಎದುರು ಕ್ಯಾಮೆರಾ ಹಿಡಿದವರ ಹೊಣೆ, ಹೆದರಿ ಓಡುವ ಹಕ್ಕಿಯ ಬೆನ್ನು ಹತ್ತಿದವರ ಹೊಣೆಗಿಂತ ದೊಡ್ಡದು ಎಂದು ನಾನು ನಂಬಿದ್ದೇನೆ.

ಹಕ್ಕಿ ಹತ್ತಿರವಿದ್ದರೆ ಚಿತ್ರ ಸುಲಭ ಎನ್ನುವವರಿದ್ದಾರೆ. ದೂರದ್ದನ್ನು ಹತ್ತಿರ ತರಲೆಂದು ಕೊಂಡ ಉದ್ದನೆಯ ಲೆನ್ಸಿಗೆ ಇಲ್ಲಿ ಎಷ್ಟೋ ಸಲ ಫೋಕಸ್ಸೇ ಸಿಗುವುದಿಲ್ಲ. ನಾವೇ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಸಮೀಪದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಬಹಳ ಕಡಿಮೆ. ಕೊಕ್ಕು ಚೂಪಾಗಿ ಬಂದರೆ ಕಣ್ಣು ಮಸುಕು, ಕಣ್ಣು ಬಂದರೆ ಭುಜ ಮಸುಕು. ಎಲ್ಲಕ್ಕಿಂತ ಕಾಡುವುದು ಕೆಂಪು ಬಣ್ಣ. ನೆತ್ತಿಯ ಬಿಸಿಲಿನಲ್ಲಿ ಕಿಂಗ್ ಪ್ಯಾರಟ್‌ನ ಎದೆಯನ್ನು ತೆಗೆದು ನೋಡಿ: ಗರಿಗಳೇ ಕಾಣವು, ಬರೀ ಕೆಂಪು ಬಳಿದಂತೆ ಇರುತ್ತದೆ. ಬೆಳಕಿನ ಒಟ್ಟು ಲೆಕ್ಕ ಸರಿಯಿದ್ದರೂ ಕೆಂಪಿನ ಪಾಲು ಮಾತ್ರ ಸೆನ್ಸರ್ ಹಿಡಿಯುವ ಮಿತಿ ಮೀರಿಬಿಡುತ್ತದೆ. ಎಕ್ಸ್‌ಪೋಶರ್ ಒಂದಿಷ್ಟು ತಗ್ಗಿಸಬೇಕು, ಇಲ್ಲವೇ ಮಂಜು ಕವಿಯುವ ತನಕ ಕಾಯಬೇಕು. ಲ್ಯಾಮಿಂಗ್ಟನ್ನಿನಲ್ಲಿ ಮಂಜಿಗೇನೂ ಬರವಿಲ್ಲ. ಮಂಜಿನ ಬೆಳಕಿನಲ್ಲಿ ಒಂದೊಂದು ಗರಿಯ ಅಂಚೂ ಬೇರೆಬೇರೆಯಾಗಿ ಕಾಣಿಸಿಕೊಳ್ಳುವುದನ್ನು ನೋಡಿದವರು ಮತ್ತೆ ಬಿಸಿಲಿಗೆ ಆಸೆಪಡುವುದಿಲ್ಲ.

ಓರೈಲೀಸ್ ಅಂಗಳದ ಗಿಳಿಗಳು ಕಾಳಿನ ಆಸೆಗೆ ಬರುವವು. ಅಲ್ಲಿ ಹಕ್ಕಿಗಳಿಗೆ ಕಾಳು ಕೊಡುವುದು ಹಳೆಯ ಪರಿಪಾಠ, ತಲೆಯ ಮೇಲೆ ಗಿಳಿ ಕೂತ ಮಗುವಿನ ಫೋಟೋ ಇಲ್ಲಿನ ನಮ್ಮವರ ಅರ್ಧ ಮನೆಗಳಲ್ಲಾದರೂ ಇದ್ದೀತು. ಮಗುವಿನ ಆ ನಗು ನನಗೂ ಇಷ್ಟ. ಆದರೆ ಅದು ಮಗುವಿನ ಚಿತ್ರ, ಹಕ್ಕಿಯದಲ್ಲ. ಕ್ವೀನ್ಸ್‌ಲ್ಯಾಂಡಿನಲ್ಲಿ ಹೀಗೆ ಹಕ್ಕಿಗಳಿಗೆ ಮೇವು ಇಡುವುದಕ್ಕೆ ದೊಡ್ಡ ಪರಂಪರೆಯೇ ಇದೆ. ಕರಂಬಿನ್‌ನಲ್ಲಿ ಹೂವು ಬೆಳೆಯುತ್ತಿದ್ದ ಅಲೆಕ್ಸ್ ಗ್ರಿಫಿತ್ಸ್ ತಮ್ಮ ಗ್ಲಾಡಿಯೋಲಸ್ ಹೂಗಳನ್ನು ಲೊರಿಕೀಟ್ ಗಿಳಿಗಳಿಂದ ಉಳಿಸಿಕೊಳ್ಳಲು 1947ರಲ್ಲಿ ಅವುಗಳಿಗೆ ಬೇರೆಯೇ ಮೇವು ಇಡತೊಡಗಿದರು. ಅದೇ ಮುಂದೆ ಹೆಸರಾಂತ ಅಭಯಾರಣ್ಯವಾಯಿತು. ಅಂಥ ಕಡೆ ನೋಡಿಕೊಳ್ಳುವ ತಿಳಿದವರಿರುತ್ತಾರೆ. ಮನೆಯ ಹಿತ್ತಲಲ್ಲಿ ಬ್ರೆಡ್ಡು, ಸಕ್ಕರೆನೀರು ಇಟ್ಟು ಫೋಟೋಗೆ ಕರೆಯುವುದು ಬೇರೆ ಮಾತು. ಲೊರಿಕೀಟ್‌ನ ನಾಲಗೆಯ ತುದಿಯಲ್ಲಿ ಕುಂಚದಂಥ ಎಳೆಗಳಿವೆ, ಹೂವಿನ ಮಧು, ಪರಾಗ ಒರೆಸಿಕೊಳ್ಳಲು. ಬ್ರೆಡ್ಡು ಅದರ ಆಹಾರವಲ್ಲ. ತೊಳೆಯದ ಒಂದೇ ತಟ್ಟೆಗೆ ಹತ್ತಾರು ಹಕ್ಕಿ ಮುಗಿಬಿದ್ದರೆ ಕೊಕ್ಕು, ಗರಿಗಳನ್ನು ಹಾಳುಮಾಡುವ ವೈರಸ್ ರೋಗ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಹಾಗೆ ಗರಿ ಉದುರಿದ ಲೊರಿಕೀಟ್‌ಗಳು ಹಾರಲಾರದೆ ರಸ್ತೆಬದಿಯಲ್ಲಿ ಓಡಾಡುತ್ತವೆ.

ನನಗೆ ಹೆಚ್ಚು ಪ್ರಿಯವಾದುದು ಕಾಳಿಗಾಗಿ ಬರದ ಹಕ್ಕಿ, ಈಸ್ಟರ್ನ್ ಯೆಲ್ಲೋ ರಾಬಿನ್. ಬೂದು ಬೆನ್ನು, ಅರಿಶಿನದಂಥ ಹೊಟ್ಟೆ, ಗುಬ್ಬಿಯಷ್ಟು ಗಾತ್ರ. ಕಾಡಿನ ದಾರಿಯಲ್ಲಿ ಸುಮ್ಮನೆ ನಿಂತರೆ ತಾನಾಗಿ ಬಂದು ಪಕ್ಕದ ಮರದ ಕಾಂಡಕ್ಕೆ ಅಡ್ಡಡ್ಡ ಆತುಕೊಳ್ಳುತ್ತದೆ. ತಲೆ ವಾರೆ ಮಾಡಿ ನೆಲ ನೋಡುತ್ತದೆ. ನಾವು ನಡೆದಾಗ ತರಗೆಲೆ ಕದಲಿ ಹುಳು ಹೊರಬಂದಿದ್ದರೆ ತಟ್ಟನೆ ಇಳಿದು, ಹೆಕ್ಕಿ, ಮತ್ತೆ ಕಾಂಡಕ್ಕೆ ಮರಳುತ್ತದೆ. ನಮ್ಮನ್ನು ಅದು ನೆಲ ಕೆದಕುವ ಇನ್ನೊಂದು ಪ್ರಾಣಿ ಎಂದಷ್ಟೇ ಎಣಿಸುತ್ತದೆ, ಆ ಲೆಕ್ಕದಲ್ಲಿ ಸೇರಿಕೊಳ್ಳುವುದು ನನಗೆ ಹೆಮ್ಮೆಯ ಸಂಗತಿ. ಇದನ್ನು ತೆಗೆಯುವಾಗ ಮಂಡಿಯೂರಿ ಕ್ಯಾಮೆರಾವನ್ನು ಅದರ ಕಣ್ಣಿನ ಮಟ್ಟಕ್ಕೆ ತರುತ್ತೇನೆ. ಫ್ಲಾಶ್ ಬಳಸುವುದಿಲ್ಲ, ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವುದಿಲ್ಲ. ಧ್ವನಿ ಕೇಳಿದ ಗಂಡು ಎದುರಾಳಿ ಬಂದನೆಂದು ತನ್ನ ಕೆಲಸವನ್ನೆಲ್ಲ ಬಿಟ್ಟು ಅಲೆಯುತ್ತದೆ. ಗೂಡಿನಲ್ಲಿ ಮರಿಗಳಿದ್ದರೆ ಅವು ಹಸಿದುಕೊಂಡಿರಬೇಕು.

ದೊಡ್ಡಮ್ಮನಿಗೆ ಹೆದರದ ಹಕ್ಕಿ ಹೊಸದೇನಲ್ಲ. ಅವರ ಊರಿನ ಹತ್ತಿರದ್ದೇ ಕೊಕ್ಕರೆಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ದನ ಕಟ್ಟಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರವರು ಅವನ್ನು ಕಾಣುತ್ತಾರೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು, 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಬಣ್ಣದ ಕೊಕ್ಕರೆಯ ಬೆನ್ನ ಹಿಂಭಾಗದ ಆ ಗುಲಾಬಿ ಗರಿಗಳನ್ನು ಯಾವ ಮರೆಯೂ ಇಲ್ಲದೆ ಬೀದಿಯಲ್ಲಿ ನಿಂತು ತೆಗೆಯಬಹುದು. ಓರೈಲೀಸ್‌ನಲ್ಲಿ ನೂರು ವರ್ಷದಲ್ಲಿ ಬೆಳೆದ ನಂಬಿಕೆ ಆ ಊರಿನಲ್ಲಿ ಅದಕ್ಕಿಂತ ಎಷ್ಟೋ ಹಳೆಯದು.

ಚಿತ್ರವೊಂದೇ ಉಳಿದು ಹಕ್ಕಿ ಹೋದದ್ದೂ ಇದೇ ಕ್ವೀನ್ಸ್‌ಲ್ಯಾಂಡಿನಲ್ಲಿ. ಪ್ಯಾರಡೈಸ್ ಪ್ಯಾರಟ್ ಎಂಬ ಗಿಳಿ ಬರ್ನೆಟ್ ಸೀಮೆಯ ಹುಲ್ಲುಗಾಡಿನಲ್ಲಿ, ಗೆದ್ದಲ ಹುತ್ತದಲ್ಲಿ ಗೂಡು ಮಾಡುತ್ತಿತ್ತು. ಕೆಂಪು, ಹಸಿರು, ನೀಲಿ ಎಲ್ಲಾ ಅದರ ಮೈಮೇಲಿದ್ದವು. ಸಿರಿಲ್ ಜೆರಾರ್ಡ್ ಎಂಬ ಕೃಷಿಕ 1922ರಲ್ಲಿ ಹುತ್ತದ ಬಳಿ ಮರೆಯಲ್ಲಿ ಕೂತು ಅದರ ಚಿತ್ರ ತೆಗೆದರು. ಬದುಕಿದ್ದ ಪ್ಯಾರಡೈಸ್ ಪ್ಯಾರಟ್‌ನ ಚಿತ್ರಗಳೆಂದರೆ ಅವೇ, ಅವೂ ಕಪ್ಪು ಬಿಳುಪು. 1927ರ ನಂತರ ಅದು ಕಂಡಿದ್ದಕ್ಕೆ ಖಚಿತ ದಾಖಲೆಯಿಲ್ಲ. ಬರ, ಅತಿಯಾದ ಜಾನುವಾರು ಮೇಯಿಕೆ, ಹುಲ್ಲಿಗೆ ಬೆಂಕಿ ಹಾಕುವ ಕ್ರಮದಲ್ಲಾದ ಬದಲಾವಣೆ ಎಲ್ಲ ಸೇರಿ ಅದು ತಿನ್ನುತ್ತಿದ್ದ ಹುಲ್ಲಿನ ಬೀಜ ಇಲ್ಲವಾಯಿತು. ಆ ಫೋಟೋ ನೋಡಿದಾಗಲೆಲ್ಲ ನನ್ನ ಹಾರ್ಡ್‌ಡಿಸ್ಕಿನಲ್ಲಿ ತುಂಬಿರುವ ಬಣ್ಣಗಳ ಬಗ್ಗೆ ದಿಗಿಲಾಗುತ್ತದೆ.

ಈ ಬೇಸಿಗೆ ರಜೆಯಲ್ಲಿ ಲ್ಯಾಮಿಂಗ್ಟನ್ನಿಗೆ ಹೊರಟವರು ಬೆಳಗ್ಗೆ ಬೇಗ ಹೋಗಿ. ಅಂಗಳದಲ್ಲಿ ಕಪ್ಪು ಹೊಂಬಣ್ಣದ ರೀಜೆಂಟ್ ಬವರ್‌ಬರ್ಡ್ ಸಿಗಬಹುದು. ಅದರ ನೆಂಟ ಸ್ಯಾಟಿನ್ ಬವರ್‌ಬರ್ಡ್ ಪೊದೆಯ ಅಡಿ ಕಡ್ಡಿಗಳ ಎರಡು ಗೋಡೆ ನೆಟ್ಟು, ಮುಂದೆ ನೀಲಿ ವಸ್ತುಗಳನ್ನು ಹರಡಿಕೊಂಡಿರುತ್ತದೆ. ರೊಸೆಲ್ಲಾದ ಉದುರಿದ ನೀಲಿ ಗರಿ, ಬಟ್ಟೆ ಕ್ಲಿಪ್ಪು, ಬಾಟಲಿ ಮುಚ್ಚಳ, ಎಲ್ಲವೂ ಅದಕ್ಕೆ ಬೇಕು. ಏಳನೇ ವರ್ಷದ ಹೊತ್ತಿಗೆ ಪೂರ್ತಿ ಕಡುನೀಲಿಯಾಗುವ ಗಂಡು ಹೆಣ್ಣನ್ನು ಒಲಿಸಿಕೊಳ್ಳುವುದು ಇಲ್ಲಿಯೇ. ದೂರದಿಂದ ಲೆನ್ಸಿನಲ್ಲಿ ನೋಡಿ, ಒಂದು ಕಡ್ಡಿಯನ್ನೂ ಸರಿಸಬೇಡಿ. ಹಾಲಿನ ಬಾಟಲಿಯ ಕತ್ತಿನಲ್ಲಿ ಉಳಿಯುವ ನೀಲಿ ಪ್ಲಾಸ್ಟಿಕ್ ಬಳೆಯನ್ನು ಅದು ಹೊತ್ತು ತರುವಾಗ ತಲೆಗೆ ಸಿಕ್ಕಿಕೊಂಡು ಕೊಕ್ಕು ತೆರೆಯಲಾಗದೆ ಸಾಯುವುದುಂಟು. ಆ ಬಳೆಯನ್ನು ಕಸಕ್ಕೆ ಹಾಕುವ ಮುನ್ನ ಕತ್ತರಿಯಲ್ಲಿ ಒಮ್ಮೆ ಕತ್ತರಿಸಿ ಹಾಕಿ.