ರಿಚ್ಪಳ ಗೋಣಿತಟ್ಟು

(2 ಸಮುವೇಲ 21:10-14)



ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಬಳಿಕ ಕೂಲಿಗಾಗಿ ದೂರದ ಊರುಗಳಿಂದ ಬಂದವರ ಸಂತತಿಯವರು ನಮ್ಮ ಸಭೆಗಳಲ್ಲಿದ್ದಾರೆ. ಅಂಥ ಹಿರಿಯರೊಬ್ಬರು ಶಿವಮೊಗ್ಗೆಯ ಕೂಟ ಮುಗಿದ ಮೇಲೆ ನನ್ನನ್ನು ಕೇಳಿದ್ದೇನಂದರೆ: "ಅಯ್ಯನವರೇ, ನಮ್ಮ ಅಜ್ಜ ದೀಕ್ಷಾಸ್ನಾನ ಹೊಂದದೆ ತೀರಿಹೋದರು. ಊರಿನಲ್ಲಿ ಅವರ ಸಮಾಧಿ ಹಾಳುಬಿದ್ದಿದೆ. ನಾನು ಹೋಗಿ ಸರಿಪಡಿಸಿದರೆ ವಿಗ್ರಹಾರಾಧನೆಯಾದೀತೋ?"

ಉತ್ತರಕ್ಕೆ ಮುಂಚೆ ನಾಗಾ ಜನರ ಸಂಗತಿಯನ್ನು ಕೇಳಿರಿ. ಈಶಾನ್ಯ ಭಾರತದ ಗುಡ್ಡಸೀಮೆಯ ಈ ಜನರಲ್ಲಿ ಹೆಚ್ಚಿನವರು ಈಗ ಕ್ರೈಸ್ತರು. ಬ್ರಿಟಿಷರ ಆಳಿಕೆಯಲ್ಲಿ ಅವರ ಪೂರ್ವಿಕರ ತಲೆಬುರುಡೆಗಳೂ ಎಲುಬುಗಳೂ ಇಂಗ್ಲೆಂಡಿಗೆ ಒಯ್ಯಲ್ಪಟ್ಟವು. ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯದಲ್ಲಿ 2020ರ ವರೆಗೂ ಕೆಲವು ಬುರುಡೆಗಳು ನೋಡಬಂದವರ ಕಣ್ಣೆದುರಿಗೇ ಇದ್ದವು. 2024ರ ಅಕ್ಟೋಬರಿನಲ್ಲಿ ಅದೇ ಸೀಮೆಯ ಹರಾಜಿನವರು ಕೊಂಬು ಕಟ್ಟಿದ ಒಂದು ನಾಗಾ ಬುರುಡೆಯನ್ನು ಮಾರಲಿದ್ದು, ಜನರು ಮೊರೆಯಿಟ್ಟದ್ದರಿಂದ ಹಿಂದೆಗೆದರು. ಸಂತೆಯಲ್ಲಿ ಕುರಿತಲೆಗೆ ಬೆಲೆ ಕೇಳುವದನ್ನು ಕಂಡಿದ್ದೇವೆ. ಮನುಷ್ಯನ ತಲೆಗೆ ಕೇಳಿದ್ದುಂಟೋ? 2025ರ ಜೂನಿನಲ್ಲಿ ನಾಗಾ ಪ್ರತಿನಿಧಿಗಳು ಆಕ್ಸ್‌ಫರ್ಡಿಗೇ ಹೋಗಿ, ನಮ್ಮ ಪೂರ್ವಿಕರನ್ನು ಮನೆಗೆ ಕಳುಹಿಸಿರೆಂದು ಘೋಷಣೆ ಹೊರಡಿಸಿದರು. ಆ ಬುರುಡೆಗಳಲ್ಲಿ ಕೆಲವು ಹಳೆಯ ಕಾಳಗಗಳಲ್ಲಿ ಒಂದು ಹಳ್ಳಿಯವರು ಮತ್ತೊಂದು ಹಳ್ಳಿಯವರಿಂದ ಕಡಿದು ತಂದವುಗಳೇ. ಯಾರ ಕೈಗೆ ಒಪ್ಪಿಸಬೇಕೆಂಬದು ಸುಲಭವಲ್ಲ. ಆದರೂ ಬೇಡುತ್ತಾರೆ. ಆಗದ ಕೆಲಸವೆನ್ನಬೇಡಿರಿ: ಎಡಿನ್‌ಬರೋ ವಿಶ್ವವಿದ್ಯಾಲಯದವರು 2019ರಲ್ಲಿ 9 ಬುರುಡೆಗಳನ್ನು ಸಿಂಹಳದ್ವೀಪದ ವೆಡ್ಡಾ ಜನರ ಮುಖಂಡನಿಗೆ ತಿರುಗಿ ಒಪ್ಪಿಸಿದರು.

ಈ ಜನರು ಬೇಡುವದು ಸ್ನಾನಹೊಂದದವರ ಎಲುಬುಗಳನ್ನಲ್ಲವೇ ಅನ್ನುತ್ತೀರೋ? ರಿಚ್ಪಳನ್ನು ನೋಡಿರಿ. ಕೊಲ್ಲಲ್ಪಟ್ಟ ತನ್ನ ಮಕ್ಕಳ ಬಳಿಯಲ್ಲಿ ಆಕೆ ಬಂಡೆಯ ಮೇಲೆ ಗೋಣಿತಟ್ಟು ಹಾಸಿ, ಸುಗ್ಗಿಯ ಆರಂಭದಿಂದ ಮಳೆ ಬೀಳುವ ತನಕ, ಹಗಲು ಹಕ್ಕಿಗಳನ್ನೂ ಇರುಳು ಕಾಡುಮೃಗಗಳನ್ನೂ ಓಡಿಸುತ್ತಾ ಕಾದಳು. ಅವರನ್ನು ಸಾವಿಗೆ ಒಪ್ಪಿಸಿಕೊಟ್ಟವನು ದಾವೀದನೇ, ಇದನ್ನು ಮರೆಮಾಡಲಾಗದು. ಆಕೆಯ ಸುದ್ದಿ ಕೇಳಿ ಅವನು ಆ ಮಕ್ಕಳ ಎಲುಬುಗಳನ್ನು ಕೂಡಿಸಿದ್ದಲ್ಲದೆ, ತನ್ನನ್ನು ಬೇಟೆಯಾಡಿದ ಸೌಲನ ಎಲುಬುಗಳನ್ನೂ ಯಾಬೇಷ್‌ಗಿಲ್ಯಾದಿನಿಂದ ತರಿಸಿ, ಸೌಲನ ತಂದೆಯ ಸಮಾಧಿಯಲ್ಲಿಯೇ ಇಡಿಸಿದನು. ಶತ್ರುವಿಗೂ ಸಲ್ಲಿದ್ದು ಅಜ್ಜನಿಗೆ ಸಲ್ಲದೋ? ಆ ಬಳಿಕವೇ ದೇವರು ದೇಶದ ಮೊರೆಯನ್ನು ಕೇಳಿದನೆಂದು ಬರೆದಿದೆ.

ಹಿರಿಯರಿಗೆ ನಾನು ಹೇಳಿದ್ದಿಷ್ಟು: ಕಾಯಿ ಒಡೆಯಬೇಡಿರಿ, ಎಡೆ ಇಡಬೇಡಿರಿ, ಮುಳ್ಳು ಕಡಿದು, ಮಣ್ಣು ಏರಿಸಿ, ಕಲ್ಲು ನಿಲ್ಲಿಸಿರಿ. ಮಳೆಗೆ ಮುಂಚೆ ಮೊಮ್ಮಗನನ್ನು ಕರೆದುಕೊಂಡು ಹೋಗುವರಂತೆ.