ಇಪ್ಪತ್ತೈದು ಲೀಟರಿನ ಒಳಗೆ

ಬಾಯ್ಲರುಗಳಿಗಾಗಿ ನಮ್ಮ ದೇಶದಲ್ಲಿ 1923ರ ಕಾಯಿದೆಯೊಂದಿತ್ತು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯಿದೆ ಬಂತು. ಆದರೆ ಒಂದು ಮಾತು ಹೊಸದರಲ್ಲೂ ಹಾಗೇ ಉಳಿದಿದೆ: 25 ಲೀಟರಿಗಿಂತ ಕಡಿಮೆ ಹಿಡಿಸುವ ಪಾತ್ರೆ ಬಾಯ್ಲರ್ ಅನ್ನಿಸಿಕೊಳ್ಳುವುದಿಲ್ಲ. ಇನ್‌ಸ್ಪೆಕ್ಟರ್ ಬರುವುದಿಲ್ಲ, ಸರ್ಟಿಫಿಕೇಟ್ ಬೇಕಿಲ್ಲ. ನನ್ನ ಬಾಯ್ಲರ್ ಒಂದು ಲೀಟರೂ ಹಿಡಿಸುವುದಿಲ್ಲ. ಅಂದರೆ ಸರ್ಕಾರದ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಆದರೆ ಅದರೊಳಗೆ 80 ಪೌಂಡ್ ಒತ್ತಡದ ಹಬೆ ತುಂಬಬೇಕು ಅಂತ ನಾನು ಹೊರಟಿದ್ದೇನೆ.

ನಾನು ಮೂಲತಃ ಬೀರೂರಿನವನು. ಎಂ.ಕಾಂ. ಮುಗಿಸಿ ಬ್ಯಾಂಕ್ ಸೇರಿ, ವರ್ಗವಾಗಿ ಈ ಕಡೆ ಬಂದವನು ಇಲ್ಲೇ ಉಳಿದೆ. ಠಾಣೆಯಲ್ಲಿ ಮನೆ ಕೊಳ್ಳುವ ತಾಕತ್ತಿರಲಿಲ್ಲ, ಹಾಗಾಗಿ ಮುಂಬ್ರಾ. ಒಂದು ಕಡೆ ಖಾಡಿ, ಇನ್ನೊಂದು ಕಡೆ ಪಾರ್ಸಿಕ್ ಗುಡ್ಡ, ನಡುವೆ ರೈಲುಹಳಿ. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಯವರೆಗೆ ಓಡಿತಲ್ಲ, ಅದೇ ಹಳಿ ಮರುವರ್ಷ ಕಲ್ಯಾಣ ಮುಟ್ಟಿದ್ದು ಈ ದಾರಿಯಲ್ಲೇ. ಗುಡ್ಡದೊಳಗಿನ 1.3 ಕಿಲೋಮೀಟರ್ ಸುರಂಗ ಬಂದದ್ದು 1916ರಲ್ಲಿ. ಬೀರೂರು ಜಂಕ್ಷನ್ನಿನಲ್ಲಿ ಮೀಟರ್ ಗೇಜಿನ ಉಗಿಬಂಡಿ ನೋಡುತ್ತಾ ಬೆಳೆದವನಿಗೆ ನಿವೃತ್ತಿಯಾದ ಮೇಲೆ ಯಾವ ಹುಚ್ಚು ಹಿಡಿಯಬೇಕೋ ಅದೇ ಹಿಡಿಯಿತು. ಎರಡನೇ ಬೆಡ್‌ರೂಮಿನಲ್ಲಿ ಒಂದು ಸಣ್ಣ ಲೇತ್ ಬಂದು ಕೂತಿತು.

ಕಟ್ಟುತ್ತಿರುವುದು ‘ಟಿಚ್’ ಅನ್ನುವ ಮೂರೂವರೆ ಇಂಚು ಗೇಜಿನ ಪುಟ್ಟ ಇಂಜಿನ್. ‘ಎಲ್.ಬಿ.ಎಸ್.ಸಿ.’ ಅನ್ನುವ ಕಾವ್ಯನಾಮದಲ್ಲಿ ಬರೆಯುತ್ತಿದ್ದ ಇಂಗ್ಲೆಂಡಿನ ಮಾಜಿ ರೈಲ್ವೆ ನೌಕರನೊಬ್ಬ ಹೊಸಬರಿಗೆಂದೇ ಹಾಕಿಕೊಟ್ಟ ನಕ್ಷೆ. ಲಂಡನ್ನಿನಲ್ಲಿ 1898ರಲ್ಲಿ ಶುರುವಾದ ‘ಮಾಡೆಲ್ ಇಂಜಿನಿಯರ್’ ಪತ್ರಿಕೆಯ ಓದುಗರಿಗೆಲ್ಲ ಆತ ಗುರು. ಚಕ್ರ, ಸಿಲಿಂಡರ್, ಪಿಸ್ಟನ್ ಎಲ್ಲ ನಿಧಾನವಾಗಿ ಆದವು. ಅವುಗಳ ಕಥೆ ಹೇಳುತ್ತಾ ಹೋದರೆ ನೀವು ಪುಸ್ತಕ ಮುಚ್ಚಿಡುತ್ತೀರಿ. ನನ್ನಾಕೆ ಕೇಳಿದ್ದು ಒಂದೇ ಪ್ರಶ್ನೆ: “ರೀ, ಇದು ಹೋಗೋದಾದ್ರೂ ಎಲ್ಲಿಗೆ?”

ಬಾಯ್ಲರಿನ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ದುಂಡಗಿನ ಕೊಳವೆ ಒತ್ತಡವನ್ನು ತಾನೇ ತಡೆದುಕೊಳ್ಳುತ್ತದೆ. ಬೆಂಕಿ ಉರಿಯುವ ಪೆಟ್ಟಿಗೆಯ ಗೋಡೆಗಳು ಚಪ್ಪಟೆ, ಅವು ಉಬ್ಬುತ್ತವೆ. 80 ಪೌಂಡ್ ಒತ್ತಡವೆಂದರೆ ಹತ್ತು ಸೆಂಟಿಮೀಟರ್ ಉದ್ದಗಲದ ತಗಡಿನ ಮೇಲೆ ಅರ್ಧ ಟನ್ನಿಗೂ ಮೀರಿದ ಭಾರ. ಆದ್ದರಿಂದ ಒಳಗೋಡೆ ಹೊರಗೋಡೆಗಳ ನಡುವೆ ಸಾಲಾಗಿ ತಾಮ್ರದ ಕಡ್ಡಿಗಳನ್ನು ಹಾಯಿಸಿ ಬೆಳ್ಳಿ ಬೆಸುಗೆ ಹಾಕುತ್ತಾರೆ. ಅವಕ್ಕೆ ಸ್ಟೇ ಅಂತ ಹೆಸರು. ಕಡ್ಡಿಯ ಸುತ್ತ ಬೆಳ್ಳಿ ಪೂರಾ ಹರಿಯಿತೋ ಇಲ್ಲವೋ ಅನ್ನೋದು ಮೂಲೆಗಳಲ್ಲಿ ಕಣ್ಣಿಗೆ ಸಿಗುವುದಿಲ್ಲ. ಮೇಲೆ ಬಣ್ಣ ಬಳಿದು, ಹಿತ್ತಾಳೆ ಪಟ್ಟಿ ಕಟ್ಟಿದ ಮೇಲಂತೂ ಯಾರಪ್ಪನಿಗೂ ಗೊತ್ತಾಗುವುದಿಲ್ಲ.

ಯಾರೂ ನೋಡದ, ಯಾರೂ ಕೇಳದ ಕಡೆ ಕೆಲಸ ಸರಿಯಾಗಿಯೇ ಇರಬೇಕು ಅಂತ ಯಾಕೆ? ಊರಲ್ಲಾಗಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲವೇನೋ. ಅಲ್ಲಿ ‘ನಾಲ್ಕು ಜನ ಏನಂದಾರು’ ಅನ್ನುವ ಇನ್‌ಸ್ಪೆಕ್ಟರ್ ಪ್ರತಿ ಜಗಲಿಯ ಮೇಲೂ ಕೂತಿರುತ್ತಿದ್ದ. ಬೀರೂರಿನಲ್ಲಿ ನಾನು ಇಂಥವರ ಮಗ; ಇಲ್ಲಿ ಬಿ ವಿಂಗಿನ ಒಂದು ನಂಬರು. ಪರಊರಿನ ದೊಡ್ಡ ಸುಖವೂ ಇದೇ, ದೊಡ್ಡ ಅಪಾಯವೂ ಇದೇ. ಬ್ಯಾಂಕಿನಲ್ಲಿ ಇದಕ್ಕೊಂದು ವ್ಯವಸ್ಥೆ ಇತ್ತು: ಮೇಕರ್, ಚೆಕರ್. ಬರೆಯುವವನೊಬ್ಬ, ಪಾಸು ಮಾಡುವವನು ಇನ್ನೊಬ್ಬ. ಒಬ್ಬನೇ ಎರಡೂ ಆಗಕೂಡದು. ಮನುಷ್ಯ ಕೆಟ್ಟವನು ಅಂತಲ್ಲ, ತಾನು ಬರೆದದ್ದು ತನಗೆ ಸರಿಯಾಗೇ ಕಾಣುತ್ತದೆ ಅಂತ. ಹವ್ಯಾಸದಲ್ಲಿ ನಾನೇ ಮೇಕರ್, ನಾನೇ ಚೆಕರ್.

ಬೆಸುಗೆಯನ್ನು ನಾನು ಹಾಕಲಿಲ್ಲ. ಆರುನೂರು ಡಿಗ್ರಿಗೂ ಮೇಲೆ ಅಷ್ಟು ತಾಮ್ರವನ್ನು ಒಂದೇ ಹದದಲ್ಲಿ ಕಾಯಿಸುವುದು ಬೆಡ್‌ರೂಮಿನ ಕೆಲಸವಲ್ಲ. ಸ್ಟೇಷನ್ ಹತ್ತಿರ ಏಸಿ, ಫ್ರಿಜ್ಜುಗಳ ತಾಮ್ರದ ಪೈಪು ಬೆಸೆಯುವ ಒಬ್ಬ ಭಾಯಿ ಒಪ್ಪಿಕೊಂಡ. ಆಮೇಲೆ ನೀರಿನ ಪರೀಕ್ಷೆ. ಬಾಯ್ಲರ್ ತುಂಬ ತಣ್ಣೀರು ತುಂಬಿ, ಕೈಪಂಪಿನಿಂದ ಒತ್ತಡವನ್ನು ದುಪ್ಪಟ್ಟಿಗೆ, 160 ಪೌಂಡಿಗೆ ಏರಿಸಬೇಕು. ನೀರು ಕುಗ್ಗುವುದಿಲ್ಲವಾದ್ದರಿಂದ ಎಲ್ಲಾದರೂ ಬಿರಿದರೂ ನಾಲ್ಕು ಹನಿ ಚೆಲ್ಲುತ್ತದೆ ಅಷ್ಟೆ. ಅದೇ ಹಬೆಯಿದ್ದಾಗ ಬಿರಿದರೆ, ಒಳಗಿರುವ ನೂರರವತ್ತು ಡಿಗ್ರಿ ನೀರಿನ ಒಂದು ಪಾಲು ತಟ್ಟನೆ ಹಬೆಯಾಗುತ್ತದೆ. ನೀರು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಆ ಜಾಗದಲ್ಲಿ ಯಾರ ಮುಖವಿರುತ್ತದೋ!

ಅರ್ಧ ಗಂಟೆ ಮುಳ್ಳು ಅಲುಗಲಿಲ್ಲ. ನಾನು ಖುಷಿಯಲ್ಲಿದ್ದೆ. ಭಾಯಿ ಮಾತ್ರ ಟಾರ್ಚ್ ಬಿಟ್ಟು ನೋಡಿ, “ಸಾಬ್, ಆ ಮೂಲೆಯ ಎರಡು ಕಡ್ಡಿಗೆ ಮತ್ತೆ ಬೆಂಕಿ ಕೊಡ್ತೀನಿ” ಅಂದ. ಸೋರಲಿಲ್ಲವಲ್ಲ ಅಂದೆ. “ಸೋರಲಿಲ್ಲ. ಆದ್ರೆ ಬೆಳ್ಳಿ ಹರಿದದ್ದು ನಾನು ನೋಡಲಿಲ್ಲ.” ಅಷ್ಟೇ ಅವನ ಉತ್ತರ. ಮತ್ತೆ ಕಾಯಿಸಿದ, ಮತ್ತೆ ಪರೀಕ್ಷೆ ಆಯಿತು. ಬೆಳ್ಳಿಯ ದುಡ್ಡನ್ನು ಎರಡನೇ ಸಲವೂ ನನ್ನಿಂದಲೇ ತೆಗೆದುಕೊಂಡ. ಆ ವಿಷಯದಲ್ಲಿ ಅವನಿಗೆ ಯಾವ ಸಂಕೋಚವೂ ಇರಲಿಲ್ಲ. ಅದು ನನಗೆ ಸರಿ ಅಂತಲೇ ಅನ್ನಿಸಿತು.

ಇದನ್ನೆಲ್ಲ ಯೋಚಿಸುವಾಗ 2013ರ ಏಪ್ರಿಲ್ 4 ನೆನಪಾಗದೆ ಇರುವುದಿಲ್ಲ. ಇಲ್ಲೇ ಪಕ್ಕದ ಶೀಳ್ ಫಾಟಾದಲ್ಲಿ ಅನುಮತಿಯಿಲ್ಲದೆ, ಕೆಲವೇ ತಿಂಗಳಲ್ಲಿ ಎಬ್ಬಿಸಿದ ಏಳಂತಸ್ತಿನ ಕಟ್ಟಡ ಅಂದು ಸಂಜೆ ಕುಸಿಯಿತು. 74 ಜನ ಸತ್ತರು. ಆ ಕಟ್ಟಡವನ್ನೇ ಕಟ್ಟುತ್ತಿದ್ದ ಕೂಲಿಗಳು, ಅವರ ಮಕ್ಕಳು ಅವರಲ್ಲಿದ್ದರು. ಅಲ್ಲಿ ಕಾಯಿದೆಗೇನೂ ಕೊರತೆಯಿರಲಿಲ್ಲ. ನನ್ನ ಒಂದು ಲೀಟರಿಗೆ ಇಲ್ಲದ ಕಾಯಿದೆ ಆ ಏಳಂತಸ್ತಿಗೆ ಬೇಕಾದಷ್ಟಿತ್ತು.

ಹಾಗಂತ ನನ್ನ ಆಟಿಕೆಯನ್ನು ಮುಂದಿಟ್ಟುಕೊಂಡು ಅವರಿಗೆ ನೀತಿ ಹೇಳಲು ನನಗೆ ಬಾಯಿ ಬರುವುದಿಲ್ಲ. ನನಗೆ ಪೆನ್ಷನ್ ಬರುತ್ತದೆ. ಮಾರ್ಚ್ ಕ್ಲೋಸಿಂಗ್ ಇಲ್ಲ. ಒಂದು ಕಡ್ಡಿ ಸರಿಹೋಗದಿದ್ದರೆ ಮುಂದಿನ ತಿಂಗಳು ಮಾಡಿದರಾಯಿತು. ಹವ್ಯಾಸದವನ ಪ್ರಾಮಾಣಿಕತೆ ಸೋವಿ. ಪುರುಸೊತ್ತಿರುವವನಿಗೆ ಅದು ಸುಲಭವಾಗಿ ಸಿಗುತ್ತದೆ. ದಿನಗೂಲಿಯ ಸಿಮೆಂಟ್ ಕಲಸುವವನಿಗೆ ‘ಇದಕ್ಕೆ ಮರಳು ಜಾಸ್ತಿಯಾಯ್ತು’ ಅನ್ನುವ ಹಕ್ಕನ್ನು ಯಾರು ಕೊಟ್ಟಿರುತ್ತಾರೆ? ಅಂದರೆ ನಾಳೆಯಿಂದ ಕೆಲಸವಿಲ್ಲ. ಭಾಯಿಯ ವಿಷಯದಲ್ಲಿ ನಾನು ಯೋಚಿಸುವುದು ಇದನ್ನೇ. ಅವನದು ಹವ್ಯಾಸವಲ್ಲ, ಹೊಟ್ಟೆಪಾಡು. ಅಂಗಡಿ ಮುಂದೆ ಎರಡು ಫ್ರಿಜ್ ಕಾಯುತ್ತಿದ್ದವು. ಆದರೂ ಟಾರ್ಚ್ ಬಿಟ್ಟ. ಅದಕ್ಕೆ ಕಾರಣ ದೈವಭಯವೋ, ಕಸುಬಿನ ಹೆಮ್ಮೆಯೋ, ನಾನು ಕೇಳಲಿಲ್ಲ. ಕೇಳಿದ್ದರೆ ನಗುತ್ತಿದ್ದ.

ಬ್ಯಾಂಕಿನ ಚಾಳಿ ಬಿಡುವುದಿಲ್ಲವಲ್ಲ, ಒಂದು ರಿಜಿಸ್ಟರ್ ಇಟ್ಟಿದ್ದೇನೆ. ತಾರೀಖು, ಒತ್ತಡ, ಎಷ್ಟು ಹೊತ್ತು, ಷರಾ. ಚೆಕರ್ ಅಂಕಣದಲ್ಲಿ ಭಾಯಿ ಉರ್ದುವಿನಲ್ಲಿ ರುಜು ಹಾಕಿದ್ದಾನೆ. ಮುಂದಿನ ಭಾನುವಾರ ತಾರಸಿಯ ಮೇಲೆ ಮೊದಲ ಸಲ ಹಬೆ. ಸೊಸೈಟಿ ಸೆಕ್ರೆಟರಿ ‘ಆಟದ ಸಾಮಾನು ತಾನೇ’ ಅಂತ ಬಾಯಲ್ಲೇ ಒಪ್ಪಿಗೆ ಕೊಟ್ಟರು. ರಿಜಿಸ್ಟರ್ ತೋರಿಸಿ, ಬರವಣಿಗೆಯಲ್ಲಿ ಕೊಡಿ ಅಂದಿದ್ದೇನೆ. ಬಿ ವಿಂಗಿನ ಮಕ್ಕಳನ್ನು ಎಷ್ಟು ದೂರ ನಿಲ್ಲಿಸಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.